ತೆಂಗಿನ ತೋಟಕ್ಕೆ ಬಂದ ಹಾಯಿದೋಣಿ

ದೇಶ ಸುತ್ತಿ ಬಂದವಳಿಗೂ ನಗುವಿಗೆ ಬರವಿಲ್ಲ. ಬಿಳಿಗೆರೆಯ ತೋಟದಲ್ಲಿ ಒಂದು ಮುರುಕಲು ದೋಣಿ ಇಟ್ಟುಕೊಂಡು ಕೂತರೆ ಸಾಕು, ಪ್ರಸಂಗಗಳು ತಾವಾಗೇ ಬೇಲಿ ದಾಟಿ ಬರುತ್ತವೆ.

೧. ಬಂದ ದಿನ

ಕಡಲತೀರದ ಗುಜರಿಯೊಂದರಲ್ಲಿ ಬಿದ್ದಿದ್ದ ಹಾಯಿದೋಣಿ. ತಳದ ಹಲಗೆ ಒಡೆದಿತ್ತು, ಹಾಯಿಕಂಬ ಮುರಿದಿತ್ತು. ನಾನೇ ರಿಪೇರಿ ಮಾಡಿಸಿ, ನಮ್ಮೂರ ಕೆರೆಯಲ್ಲಿ ಒಂದು ಸಲವಾದರೂ ಹಾಯಿ ಬಿಚ್ಚಬೇಕೆಂಬ ಹಟ. ಲಾರಿಯಿಂದ ಇಳಿಸುವಾಗ ಪಕ್ಕದ ತೋಟದ ಯಜಮಾನರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ರಸ್ತೆ ಕಡೆ ಕತ್ತು ಚಾಚಿ ಕೇಳಿದರು:

“ಸಮುದ್ರ ಹಿಂದಿನ ಲಾರೀಲಿ ಬತ್ತೈತೇನವ್ವ?”

೨. ಆಚಾರ್ರ ಉಪಕಾರ

ಬಾಗಿಲು, ಕಿಟಕಿ ಮಾಡುವ ಆಚಾರ್ರು ಹಲಗೆ ಬದಲಿಸಲು ಒಪ್ಪಿದರು. ನಾನೋ ಒಂದು ಕಡೆ ನಿಲ್ಲುವವಳಲ್ಲ. ಎರಡು ವಾರ ಎಲ್ಲೋ ತಿರುಗಿ ಬಂದು ನೋಡುತ್ತೇನೆ, ತಳದಲ್ಲಿ ನಾಲ್ಕು ದುಂಡನೆಯ ತೂತು!

“ಮಳೆ ನೀರು ನಿಲ್ತಿತ್ತು ಕಣಮ್ಮ. ಆಚೆ ಹೋಗ್ಲಿ ಅಂತ ಕೊರೆದೆ.”

“ಕೆರೆಗೆ ಇಳಿಸಿದಾಗ ನೀರು ಒಳಗೆ ಬರಲ್ವೇನ್ರೀ?”

ಆಚಾರ್ರು ಬೀಡಿ ಹಚ್ಚಿ ಯೋಚಿಸಿದರು.

“ಬರ್ಲಿ ಬುಡಿ. ಹೋಗೋಕೂ ದಾರಿ ಮಾಡಿದೀನಲ್ಲ.”

ಆ ತೂತುಗಳನ್ನು ಮುಚ್ಚಲು ಇನ್ನೊಂದು ತಿಂಗಳು ಹೋಯ್ತು.

೩. ಚಪ್ಪರ

ಹೊಸ ಹಾಯಿಯನ್ನು ಎರಡು ತೆಂಗಿನಮರದ ನಡುವೆ ಒಣಗಲು ಕಟ್ಟಿದ್ದೆ. ಎದುರುಮನೆಯಾಕೆ ಮೊಮ್ಮಗಳ ನಾಮಕರಣಕ್ಕೆ ನೆರಳು ಬೇಕೆಂದು ಕೇಳಿದಳು. ಕೊಟ್ಟೆ. ವಾಪಸ್ಸು ಬಂದಾಗ ಸಾರಿನ ಕಲೆಯೂ ಜೊತೆಗೆ ಒಂದು ದೂರೂ ಇತ್ತು.

“ಬಟ್ಟೆ ಚೆನ್ನಾಗಿಲ್ಲ ಕಣಕ್ಕ. ಸ್ವಲ್ಪ ಗಾಳಿ ಬಂದ್ರೆ ಸಾಕು, ಉಬ್ಕೊಂಡು ಓಡೋಕೆ ನೋಡ್ತೈತೆ. ಇನ್ನೊಂದ್ಸಲ ನೋಡಿ ತಗೋ.”

೪. ಇಳಿಸುವ ಮುಹೂರ್ತ

ಮೂರು ವರ್ಷದ ಮೇಲೆ ದೋಣಿ ಸಿದ್ಧವಾಯಿತು. ನಾಲೆ ನೀರು ಬಂದು ಕೆರೆಯೂ ತುಂಬಿತು. ಬೇಸಿಗೆಗೆ ಮತ್ತೆ ಕೆಸರು; ಇಳಿಸಿದರೆ ಈಗಲೇ. ಟ್ರ್ಯಾಕ್ಟರಿನಲ್ಲಿ ಕೆರೆಯ ದಡಕ್ಕೆ ತಂದು, ಅರಿಶಿನ ಕುಂಕುಮ ಹಚ್ಚಿದ್ದಾಯ್ತು. ಈಡುಗಾಯಿ ಒಡೆಯಲು ಕಲ್ಲು ಹುಡುಕಿದರೆ ಎಲ್ಲೆಲ್ಲೂ ಮೆತ್ತನೆ ಮಣ್ಣು. ಯಜಮಾನರು ದೋಣಿಯ ಮೂತಿಗೇ ಒಂದು ಬಾರಿಸಿದರು.

ಹೊರದೇಶದ ಬಂದರುಗಳಲ್ಲಿ ಹೊಸ ಹಡಗನ್ನು ನೀರಿಗೆ ಇಳಿಸುವಾಗ ಅದರ ಮೂತಿಗೆ ಮದ್ಯದ ಶೀಸೆ ಒಡೆಯುವುದನ್ನು ಕಂಡಿದ್ದೇನೆ. ಅಲ್ಲಿ ಒಂದೇ ಶೀಸೆ. ಇದು ತೆಂಗಿನ ಸೀಮೆ. ಯಜಮಾನರು ಒಡೆದ ಮೇಲೆ ಬೇರೆಯವರು ಬಿಟ್ಟಾರೆಯೇ? ಮನೆಗೊಂದು ಕಾಯಿ ಬಂತು.

“ಸಾಕು ಕಣ್ರಪ್ಪಾ!” ಅಂದೆ.

“ನೀನ್ ಸುಮ್ಕಿರವ್ವ, ಊರ ಮರ್ಯಾದೆ ಪ್ರಶ್ನೆ!” ಎಂದು ಯಜಮಾನರು ಎರಡನೇ ಸುತ್ತಿಗೆ ದೊಡ್ಡದೊಂದು ಕಾಯಿ ಎತ್ತಿ ಬೀಸಿದರು.

ಚಟಾರ್!

ಕಾಯಿ ಒಡೆಯಲಿಲ್ಲ. ಹಲಗೆ ಒಡೆಯಿತು, ಮೂತಿಯಿಂದ ತಳದವರೆಗೆ.

ಇಡೀ ಊರು ನನ್ನ ಮುಖ ನೋಡಿತು. ಯಜಮಾನರು ಮಾತ್ರ ಉರುಳಿದ ಕಾಯಿಯನ್ನು ಎತ್ತಿ, ಮಣ್ಣು ಒರೆಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ನೋಡ್ರಲಾ, ಒಂದು ಗೀರೂ ಬಿದ್ದಿಲ್ಲ! ನಮ್ಮ ತೋಟದ್ದು ಕಣವ್ವ!”