ದಸ್ತಗೀರನಿಗೆ ಆಟ ಹೇಳಿಕೊಟ್ಟವರು

ಫುಟ್‌ಬಾಲ್ ಆಡಲು ಇಪ್ಪತ್ತೆರಡು ಜನ ಸಾಕು. ಹೇಗೆ ಆಡಬೇಕಿತ್ತು ಎಂದು ಹೇಳಲು ಮಾತ್ರ ಊರಿಗೆ ಊರೇ ಬೇಕು. ನಾನು ಹೇಳುವವರ ಪೈಕಿ. ಜೀವಮಾನದಲ್ಲಿ ನಾನು ಚೆಂಡು ಒದ್ದದ್ದು ಒಂದೇ ಸಲ. ಶಾಲೆಯ ಅಂಗಳದಲ್ಲಿ ನನ್ನತ್ತ ಉರುಳಿಬಂದ ಚೆಂಡನ್ನು ಹುಡುಗರ ಕಡೆ ಕಳಿಸೋಣವೆಂದು ಧೋತರದ ಅಂಚು ಎತ್ತಿಕೊಂಡು ಒದ್ದೆ. ಚೆಂಡು ಇದ್ದಲ್ಲಿಯೇ ಇತ್ತು, ಚಪ್ಪಲಿ ಮಾತ್ರ ಹೆಡ್‌ಮಾಸ್ತರರ ಖೋಲಿಯ ಬಾಗಿಲಿಗೆ ಹೋಗಿ ಬಿತ್ತು. ಆದರೆ ಆಡಲು ಬಾರದಿರುವುದು ಅಭಿಪ್ರಾಯ ಹೇಳಲು ಅಡ್ಡಿಯಲ್ಲ. ಮೇಲಾಗಿ ನಾನು ಮಾಸ್ತರ. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ, ಎದುರಿಗೆ ಯಾರಾದರೂ ಏನಾದರೂ ಮಾಡುತ್ತಿದ್ದರೆ ಸುಮ್ಮನೆ ನೋಡುತ್ತ ಕೂಡಲಾಗುವುದಿಲ್ಲ. ಹೆಂಡತಿ ರೊಟ್ಟಿ ಬಡಿಯುವಾಗಲೂ ಅಂಚು ತೆಳ್ಳಗಾಗಲಿ ಎಂದು ಹೇಳಿಕೊಡುವವ ನಾನು. ಒಮ್ಮೆ ಅವಳು ಹಿಟ್ಟಿನ ಪರಾತವನ್ನೇ ನನ್ನ ಮುಂದೆ ತಳ್ಳಿ, "ಬರ್ರಿ, ಇವತ್ತ ನೀವ ಬಡೀರಿ" ಎಂದಳು. ಆ ದಿನ ಶಾಲೆಯಲ್ಲಿ ನನಗೆ ಭಾರೀ ತುರ್ತು ಕೆಲಸವಿತ್ತು. ಅದು ರವಿವಾರ ಎಂಬುದು ಓಣಿ ದಾಟಿದ ಮೇಲೆ ನೆನಪಾಯಿತು.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಬೆಟಗೇರಿಯಲ್ಲಿ ಆಗ ನಮ್ಮದೊಂದು ಫುಟ್‌ಬಾಲ್ ತಂಡವಿತ್ತು. ಮಗ್ಗದವರು, ಹಮಾಲರು, ಒಬ್ಬ ಪೋಸ್ಟ್‌ಮನ್, ಹೀಗೆ ಹನ್ನೊಂದು ಜನ ಹೇಗೋ ಕೂಡುತ್ತಿದ್ದರು. ತಂಡದ ಹಿರಿಯರೆಂದರೆ ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಸಾಹೇಬರು. ಅವರು ಆಡಿದವರಲ್ಲ, ಆದರೆ ಊರಿನಲ್ಲಿ ಊದಲು ಸ್ವಂತ ಸೀಟಿ ಇದ್ದವರು ಅವರೊಬ್ಬರೇ. ತಂಡದ ಕಚೇರಿಯೆಂದರೆ ಈರಣ್ಣನ ಚಹಾದಂಗಡಿ. ಅಲ್ಲಿ ಸಂಜೆ ಮಿರ್ಚಿ ಭಜಿಯ ಎಣ್ಣೆ ಕಾಯುವ ಹೊತ್ತಿಗೆ ನಾವೆಲ್ಲ ಸೇರುತ್ತಿದ್ದೆವು. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ದಸ್ತಗೀರನ ಮೇಲೆ.

ದಸ್ತಗೀರ ನಮ್ಮ ಲೆಫ್ಟ್ ಔಟ್, ಅಂದರೆ ಎಡಗಡೆಯ ಗೆರೆಗುಂಟ ಚೆಂಡು ಒಯ್ಯುವವ. ಕಸಬಿನಿಂದ ಟೇಲರ್. ಅವರಪ್ಪನ ಹೊಲಿಗೆಯಂತ್ರದ ಮೇಲೆ ಕೂಡುವುದಕ್ಕಿಂತ ಮುಂಚೆ ಎರಡು ವರ್ಷ ನನ್ನ ಕೈಯಲ್ಲಿ ಕಲಿತವ. ಅವನ ಆಟ ಹೇಗೆಂದರೆ, ಅರ್ಧ ಆಟದಲ್ಲಿ ಚೆಂಡು ಅವನ ಕಾಲಿಗೆ ಹೊಲಿದಂತೆ ಇರುತ್ತಿತ್ತು. ಎದುರಿನವರು ಮೂರು ಮಂದಿ ಒಮ್ಮೆಲೇ ಬಂದರೂ ಅವರ ನಡುವೆ ದಾರದಂತೆ ಪಾರಾಗಿ ಹೋಗುತ್ತಿದ್ದ. ಉಳಿದರ್ಧದಲ್ಲಿ ಅದೇ ದಸ್ತಗೀರ ಚೆಂಡು ಕಂಡರೆ, ಇನ್ನೂ ಹೊಲಿಯದ ಬಟ್ಟೆ ಕೇಳಲು ಬಂದ ಗಿರಾಕಿಯನ್ನು ಕಂಡವನಂತೆ ತಡಬಡಿಸುತ್ತಿದ್ದ. ಇವನನ್ನು ತಂಡದಲ್ಲಿ ಇಡಬೇಕೋ ಬಿಡಬೇಕೋ ಎಂಬುದೇ ಆಗ ನಮ್ಮೂರಿನ ದೊಡ್ಡ ಪ್ರಶ್ನೆ.

"ಮಳಿ ಒಂದಿನಾ ಬರತೈತಿ, ಒಂದಿನಾ ಬರೂದಿಲ್ಲ. ಹಂಗಂತ ಮಳೀನ ಬ್ಯಾಡ ಅಂತೀರೇನ್ರಿ?" ಎನ್ನುತ್ತಿದ್ದ ಈರಣ್ಣ.

"ಮಳಿ ಅಲ್ಲೋ ಈರಣ್ಣ, ಗಾಡಿ ಮಾತಾಡು. ಮನಸ್ಸು ಬಂದಾಗ ಬರೂ ಗಾಡಿಗೆ ನಾ ಹಸರ ನಿಶಾನಿ ತೋರಸೂದಿಲ್ಲ" ಎನ್ನುತ್ತಿದ್ದರು ಗಾರ್ಡ್ ಸಾಹೇಬರು.

ಕಾರಣಗಳಿಗಂತೂ ಬರವಿರಲಿಲ್ಲ. ದೃಷ್ಟಿಯಾಗಿದೆ ಎಂದು ಒಬ್ಬರು, ದಿನವಿಡೀ ಹೊಲಿಗೆಯಂತ್ರ ತುಳಿದು ಕಾಲು ಸೋತಿವೆ ಎಂದು ಇನ್ನೊಬ್ಬರು. ಹೊಸದಾಗಿ ಮದುವೆಯಾದವ, ಹೆಂಡತಿ ಮನೆಯಲ್ಲಿದ್ದರೆ ಆಟದಲ್ಲಿ ಲಕ್ಷ್ಯವಿರುವುದಿಲ್ಲ ಎಂದು ಮತ್ತೊಂದು ವಾದ. ಆಕೆ ತವರಿಗೆ, ಹೊಳೆದಂಡೆಯ ಕೊರ್ಲಹಳ್ಳಿಗೆ ಹೋದಾಗಲೂ ಅವನ ಆಟ ಹಾಗೆಯೇ ಉಳಿಯಿತು. ಆಗ ಅದೇ ಜನ, "ಪಾಪ, ಹೇಣ್ತಿ ನೆನಪಾಗಿರಬೇಕು" ಎಂದು ವಾದವನ್ನು ಅಂಗಿಯಂತೆ ಒಳಹೊರಗು ಮಾಡಿ ಮತ್ತೆ ತೊಟ್ಟುಕೊಂಡರು. ನನ್ನ ಅಭಿಪ್ರಾಯ ಬೇರೆ. ಅವನಿಗೆ ಹೇಳಿಕೊಡುವವರು ಕಡಿಮೆ ಎಂದು ನಾನು ಬಲವಾಗಿ ನಂಬಿದ್ದೆ. ಅದಕ್ಕೇ ಪ್ರತಿ ಆಟದಲ್ಲೂ ಗೆರೆಯ ಪಕ್ಕ ನಿಂತು ಗಂಟಲು ಹರಿಯುವವರೆಗೆ ಹೇಳಿಕೊಡುತ್ತಿದ್ದೆ.

ಆ ವರ್ಷ ನಮ್ಮ ತಂಡ ಸುತ್ತಲಿನ ಊರುಗಳ ಪಂದ್ಯಾವಳಿಯಲ್ಲಿ ಬೀಳುತ್ತ ಏಳುತ್ತ ಫೈನಲ್ ಮುಟ್ಟಿತು. ಲಕ್ಷ್ಮೇಶ್ವರದವರ ಮೇಲೆ, ಅವರದೇ ಊರಿನಲ್ಲಿ ಆಟ. ಸೆಮಿಫೈನಲ್ಲಿನಲ್ಲಿ ದಸ್ತಗೀರ ಖಾಲಿ ಗೋಲಿನ ಮುಂದೆ ನಿಂತು ಚೆಂಡನ್ನು ಹಿಂದಕ್ಕೆ ಒದ್ದಿದ್ದ. ಗಾರ್ಡ್ ಸಾಹೇಬರು ಆ ಸಂಜೆಯೇ ತೀರ್ಪು ಕೊಟ್ಟರು. "ಆತು. ಇಂವನ್ನ ತಗದೆ. ಮಾಸ್ತರ, ನಿಮ್ಮ ಶಿಷ್ಯಾ ಅಲ್ಲೇನ್ರಿ? ಹೋಗಿ ನೀವ ಹೇಳಿ ಬರ್ರಿ." ಕೆಟ್ಟ ಸುದ್ದಿ ಹೇಳುವುದೆಂದರೆ ಎಲ್ಲರಿಗೂ ನನ್ನ ನೆನಪಾಗುತ್ತದೆ. ನಾಪಾಸಾದವರ ಹೆಸರು ಓದಿ ಓದಿ ನನ್ನ ದನಿಗೇ ಆ ಧಾಟಿ ಬಂದುಬಿಟ್ಟಿದೆಯೋ ಏನೋ.

ಮರುದಿನ ಅಂಗಡಿಗೆ ಹೋದಾಗ ದಸ್ತಗೀರ ಒಬ್ಬ ಹತ್ತಿ ದಲಾಲರ ಕೋಟಿನ ಅಳತೆ ತೆಗೆದುಕೊಳ್ಳುತ್ತಿದ್ದ. "ತೋಳು ಸಡ್ಲ ಇರಲಿ" ಎಂದರು ದಲಾಲರು. "ಆತ್ರಿ" ಎಂದ. "ಬ್ಯಾಡ, ಬಿಗಿನ ಇರಲಿ." "ಆತ್ರಿ." "ಬಿಗಿ ಅಂದ್ರ ಭಾಳ ಬಿಗಿ ಅಲ್ಲ, ಸಡ್ಲ ಇದ್ದಂಗನೂ ಇರಬೇಕು." ಅದಕ್ಕೂ "ಆತ್ರಿ" ಎಂದು ಬರೆದುಕೊಂಡ. ಅವರು ಹೋದ ಮೇಲೆ ನನಗೆ ಸ್ಟೂಲು ಒರೆಸಿ ಕೊಟ್ಟ. ನಾನು ಎಷ್ಟು ಸುತ್ತಿ ಬಳಸಿ ಮಾತು ತೆಗೆದರೂ ಅವನಿಗೆ ಗೊತ್ತಾಗಿಬಿಟ್ಟಿತು.

"ತಗೀರಿ ಮಾಸ್ತರ್ರ, ನನಗ ಬ್ಯಾಸರಿಲ್ಲ" ಎಂದ. ಆದರೆ ಕೈಯಲ್ಲಿದ್ದ ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದ. "ಮನ್ಯಾಕಿಗೆ ಲಕ್ಷ್ಮೇಶ್ವರಕ್ಕ ಕರಕೊಂಡು ಹೋಗತೀನಿ, ಆಟ ನೋಡೀಯಂತ ಅಂದಿದ್ನಿರಿ. ಇರಲಿ. ಖರೇ ಹೇಳಲ್ಯಾ? ನಮ್ಮ ಮೈದಾನದಾಗ ಬೇವಿನ ಗಿಡದ ಕಡೆ ಬಂದ್ರ ನನಗ ಆಡಾಕ ಆಗೂದಿಲ್ರಿ."

"ಯಾಕೋ?"

"ಅಲ್ಲಿ ನೀವೆಲ್ಲಾ ನಿಂತಿರತೀರಿ. ಈರಣ್ಣ ಕಾಕಾ ಓಡು ಅಂತಾರ, ಗಾರ್ಡ್ ಸಾಹೇಬ್ರು ನಿಲ್ಲು ಅಂತಾರ, ನೀವು ಒಳಗ ಕೊಡು ಅಂತೀರಿ. ಎಲ್ಲಾರೂ ಹಿರೇರು. ಯಾರ ಮಾತು ಬಿಡ್ಲಿ? ಎಲ್ಲಾರದೂ ಒಂದೀಟೀಟು ಮಾಡಾಕ ಹೋಗತೀನಿ. ಅಷ್ಟರಾಗ ಚೆಂಡ ಹೋಗಿರತೈತಿ."

"ಅತ್ತಾಗ, ಜಾಲಿಕಂಟಿ ಕಡೆ?"

"ಅಲ್ಲಿ ಯಾರೂ ಇರೂದಿಲ್ಲಲ್ರಿ. ನಾನು, ಚೆಂಡು, ಅಷ್ಟ."

ನಾನು ಮನಸ್ಸಿನಲ್ಲೇ ಹಿಂದಿನ ಆಟಗಳನ್ನೆಲ್ಲ ತಿರುಗಿ ನೋಡಿದೆ. ಅರ್ಧ ಆಟಕ್ಕೆ ತಂಡಗಳು ಬದಿ ಬದಲಾಯಿಸುತ್ತವೆ. ಎಡಗಡೆಯವನಾದ್ದರಿಂದ ಅವನು ಒಮ್ಮೆ ನಮ್ಮ ಬೇವಿನ ನೆರಳಿನ ಬದಿಗೆ, ಒಮ್ಮೆ ಎದುರಿನ ಬಿಸಿಲಿನ ಮುಳ್ಳಿನ ಬದಿಗೆ. ಚೆನ್ನಾಗಿ ಆಡಿದ್ದೆಲ್ಲ ಮುಳ್ಳಿನ ಬದಿಗೇ. "ಕಿವ್ಯಾಗ ಹತ್ತಿ ಇಟ್ಕೋಬೇಕಿಲ್ಲೋ?" ಎಂದು ಕೇಳಿದೆ. "ಇಟ್ಟು ನೋಡಿದ್ನಿರಿ" ಎಂದ ದಸ್ತಗೀರ, ಬಹಳ ಸಂಕೋಚದಿಂದ. "ಆಗ ನೀವೆಲ್ಲಾ ಕೈಮಾಡಿ ತೋರಸಾಕ ಹತ್ತಿದ್ರಿ."

ನಾನು ತಿರುಗಿ ಹೋಗಿ ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಕೊನೆಗೆ ಗಾರ್ಡ್ ಸಾಹೇಬರು ಒಪ್ಪಿದರು: ಫೈನಲ್ಲಿನಲ್ಲಿ ಬೆಟಗೇರಿಯವರು ಯಾರೂ ಬಾಯಿ ತೆರೆಯಬಾರದು, ಕೈ ಎತ್ತಬಾರದು. "ಅಷ್ಟಾದ ಮ್ಯಾಲೂ ಇಂವಾ ಆಡಲಿಲ್ಲಂದ್ರ ಮುಂದ ಇಂವನ ಹೆಸರ ಎತ್ತಬಾರದು ನೋಡ್ರಿ" ಎಂದರು. ಅವನ ಪರವಾಗಿ ನಾನೇ ಮಾತು ಕೊಟ್ಟೆ.

ಹತ್ತಿ ಸಾಗಿಸುವ ಲಾರಿಯಲ್ಲಿ ಲಕ್ಷ್ಮೇಶ್ವರಕ್ಕೆ ಹೋದೆವು. ಇಳಿದಾಗ ತಲೆಯ ಮೇಲೆಲ್ಲ ಹತ್ತಿ ಮೆತ್ತಿಕೊಂಡು ಎಲ್ಲರೂ ಒಮ್ಮೆಲೇ ಮುದುಕರಾದಂತೆ ಕಂಡೆವು. ಡ್ರೈವರನ ಪಕ್ಕದಲ್ಲಿ ಕೂತು ಬಂದಿದ್ದ ದಸ್ತಗೀರನ ಹೆಂಡತಿ ನಮ್ಮನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಈರಣ್ಣ ಮುಂದಾಲೋಚನೆಯಿಂದ ಎಲೆ ಅಡಿಕೆ ತಂದಿದ್ದ. ಪ್ರತಿಯೊಬ್ಬರ ಬಾಯಿಗೂ ತಾನೇ ಮಡಿಸಿದ ಒಂದೊಂದು ಎಲೆಪಟ್ಟಿ ತುರುಕಿದ. ಗಾರ್ಡ್ ಸಾಹೇಬರು ತಮ್ಮ ಸೀಟಿಯನ್ನು ಹೆಂಗಸರ ಕಡೆ ಹೋಗಿ ದಸ್ತಗೀರನ ಹೆಂಡತಿಯ ಕೈಗೆ ಕೊಟ್ಟು ಬಂದರು. ಲಕ್ಷ್ಮೇಶ್ವರದವರು ಮೈದಾನದ ನಾಲ್ಕೂ ಬದಿಗೆ ನಿಂತು ದಸ್ತಗೀರನನ್ನು ಬಾಯಿಗೆ ಬಂದಂತೆ ಬೈದರು. ಅವನಿಗೆ ಅದೇನೂ ತಾಗಲಿಲ್ಲ. ಬೈಯುವವರು ಬೈಯುತ್ತಾರೆ, ಹೇಳಿಕೊಡುವುದಿಲ್ಲವಲ್ಲ.

ಆ ದಿನ ಅವನು ಆಡಿದ ಆಟವನ್ನು ನಾನು ಮತ್ತೆ ನೋಡಿಲ್ಲ. ಎರಡೂ ಅರ್ಧ ಒಂದೇ ಸಮ. ಅರ್ಧ ಆಟ ಮುಗಿದ ಮೇಲೆ ಬೈಯುವುದು ಕಡಿಮೆಯಾಗಿ, ಆ ಊರಿನ ಮುದುಕನೊಬ್ಬ "ಯಾರ ಮಗನ್ರೀ ಇಂವಾ?" ಎಂದು ನನ್ನನ್ನೇ ಕೇಳಿದ. ಬಾಯಲ್ಲಿ ಎಲೆಯಿದ್ದುದರಿಂದ ಎದೆ ತಟ್ಟಿಕೊಂಡು, ನನ್ನ ಶಿಷ್ಯ ಎಂದು ಸನ್ನೆ ಮಾಡಿದೆ. ಎರಡೂ ಕಡೆ ಗೋಲಾಗದೆ ಆಟ ಮುಗಿಯಲು ಬಂತು. ಆಗ ದಸ್ತಗೀರ ಇಬ್ಬರನ್ನು ದಾಟಿ, ಮೂರನೆಯವನನ್ನು ನೆಲಕ್ಕೆ ಕೂಡಿಸಿ, ಗೋಲಿನ ಎದುರಿಗೆ ಬಂದ. ಗೋಲು ಕಾಯುವ ಗೋಲಿ ಒಂದು ಬದಿಗೆ ವಾಲಿದ್ದ. ದಸ್ತಗೀರನ ಬಲಗಾಲು ಹಿಂದಕ್ಕೆ ಹೋಗಿತ್ತು. ಇಷ್ಟು ಸಾಕಲ್ಲ? ಆದರೆ ನನಗೆ, ಎಡಗಾಲಿನಿಂದ ಒದ್ದರೆ ಇನ್ನೂ ಸುಲಭವಿತ್ತಲ್ಲ ಎನ್ನಿಸಿತು. ಎಲೆ ಉಗುಳಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ.

"ದಸ್ತಗೀರಾ! ಎಡಗಾಲಲೇ!"

ಎತ್ತಿದ ಕಾಲನ್ನು ಅವನು ಇಳಿಸಿದ. ವಿನಯದಿಂದ ಚೆಂಡನ್ನು ಎಡಗಾಲಿಗೆ ತೆಗೆದುಕೊಂಡ. ಅಷ್ಟರಲ್ಲಿ ಗೋಲಿ ಹಾರಿಬಂದು ಚೆಂಡನ್ನು ಅಪ್ಪಿಕೊಂಡು ಬಿದ್ದ. ಒಬ್ಬನ ಬಾಯಿ ತೆರೆದದ್ದೇ ತಡ, ಬೆಟಗೇರಿಯ ಅಷ್ಟೂ ಬಾಯಿಗಳು ತೆರೆದವು. ಓಡು, ನಿಲ್ಲು, ಹಿಂದ ಬಾ ಎಂದು ಒಂದೇ ಗದ್ದಲ. ಆ ಗದ್ದಲದಲ್ಲಿಯೇ ಲಕ್ಷ್ಮೇಶ್ವರದವರು ಚೆಂಡು ಒಯ್ದು ಗೋಲು ಹೊಡೆದರು. ನಾವು ಸೋತೆವು.

ಮರಳುವಾಗ ಲಾರಿಯಲ್ಲಿ ಎಲ್ಲರೂ ದಸ್ತಗೀರನ ಮೇಲೆ ಬಿದ್ದರು. ಹೊತ್ತು ಮುಳುಗುತ್ತಿತ್ತು. ಅವನು ಮೂಲೆಯಲ್ಲಿ ಮೊಣಕಾಲಪ್ಪಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಕೂಗಿದವನು ಯಾರೆಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೂಗಿದ್ದರಿಂದ ಆ ಮಾತು ಯಾರಿಗೂ ಬೇಕಿರಲಿಲ್ಲ. ನಾನು ಹತ್ತಿರ ಸರಿದು, "ದಸ್ತಗೀರ, ನಾನು ಇವರಿಗೆ ಹೇಳಿಬಿಡತೀನೋ" ಎಂದೆ.

"ಬ್ಯಾಡ್ರಿ ಮಾಸ್ತರ್ರ" ಎಂದು ಅವನು ಮೆಲ್ಲಗೆ ಕೈಮುಗಿದ. "ಇವತ್ತಿನ ಮಟ್ಟಿಗೆ ನೀವು ಇನ್ನೇನೂ ಹೇಳಬ್ಯಾಡ್ರಿ."

ಆ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ಗಾರ್ಡ್ ಸಾಹೇಬರು ಅವನ ಹೆಸರು ಹೊಡೆದುಹಾಕಿದಾಗಲೂ ನನ್ನ ಬಾಯಿ ತೆರೆಯಲಿಲ್ಲ. ಮರುವರ್ಷ ಎರಡು ಆಟ ಸೋತ ಮೇಲೆ ಅವರೇ ಅವನನ್ನು ಕರೆಸಿಕೊಂಡರು. ಅವನು ಬಂದ, ನಾಲ್ಕು ವರ್ಷ ಆಡಿದ, ಅರ್ಧ ಹುಲಿಯಾಗಿ, ಅರ್ಧ ಇಲಿಯಾಗಿ.

ಈಗ ಎಂಬತ್ತರ ದಶಕವೂ ಮುಗಿಯಲು ಬಂದಿದೆ. ತಂಡವಿಲ್ಲ, ವಾದ ಮಾತ್ರ ಇದೆ. ಮೊನ್ನೆ ಈರಣ್ಣನ ಅಂಗಡಿಯಲ್ಲಿ ಲಕ್ಷ್ಮೇಶ್ವರದ ಫೈನಲ್ಲಿನ ಮಾತು ಮತ್ತೆ ಬಂತು. "ಅಂವಾ ಹೊಡೀತಿದ್ದ ಬಿಡ್ರಿ. ಯಾಂವನೋ ಒಬ್ಬ ಹುಚ್ಚ ನಡಕ ಒದರಿದ" ಎಂದ ಈರಣ್ಣ. ಇಷ್ಟು ವರ್ಷದ ಮೇಲೆ ಆ ಮಾತು ಹೇಗೆ ನೆನಪಾಯಿತೋ! ನಾನು ಬಸಿಯೊಳಗಿನ ಚಹಾ ಊದುತ್ತ, "ಯಾರೋ ಶಿರಹಟ್ಟಿ ಕಡೆಯಾಂವ ಇರಬೇಕು" ಎಂದೆ.

ಎದುರು ಬಾಕಿನ ಮೇಲೆ ಕೂತಿದ್ದ ದಸ್ತಗೀರ, ಈಗ ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು ಬಂದಿವೆ, ಎಂದಿನ ವಿನಯದಿಂದ ತಲೆಯಾಡಿಸಿದ.

"ಹೌದ್ರಿ ಮಾಸ್ತರ್ರ, ಶಿರಹಟ್ಟಿಯಾಂವನ ಇರಬೇಕು. ದನಿ ಮಾತ್ರ ಭಾಳ ಗುರ್ತಿನದಿತ್ರಿ."