ಇಪ್ಪತ್ತು ಕಿಲೋ ಟೊಮೆಟೊದ ಪಿಜ್ಜಾ ಸಾಸ್

ನನ್ನ ಸೋದರಮಾವನಿಗೆ ನಾಲ್ಕು ಜನರಿಗೆ ಅಡುಗೆ ಮಾಡಲು ಬರುವುದಿಲ್ಲ. ನಾನೂರು ಜನರಿಗಾದರೆ ಬರುತ್ತದೆ! ಕಂಪ್ಲಿ, ಸಂಡೂರು, ಹೊಸಪೇಟೆ ಕಡೆಯ ಮದುವೆಗಳಲ್ಲಿ ಜೀವಮಾನವಿಡೀ ಒಲೆ ಮುಂದೆ ನಿಂತವನು. ಮನೆಯಲ್ಲಿ ಒಬ್ಬನೇ ಇದ್ದರೂ ಸಾರು ಕುದಿಸಿದರೆ ಓಣಿಯವರೆಲ್ಲ ಪಾತ್ರೆ ಹಿಡಿದು ಬರಬೇಕು. "ಸ್ವಲ್ಪ ಮಾಡೋ ಮಾವ" ಎಂದರೆ, "ಸ್ವಲ್ಪ ಅಂದ್ರ ಎಷ್ಟಲೇ? ಇನ್ನೂರು ಮಂದಿಗಾ?" ಎಂದು ಗಂಭೀರವಾಗಿ ಕೇಳುತ್ತಾನೆ.

ಇಂಥವನ ಕೈಗೆ ಪಿಜ್ಜಾ ಸಿಕ್ಕಿದ್ದು ನನ್ನ ಮಗಳಿಂದ. ಆಗ ಮೈನಿಂಗ್ ಜೋರಿದ್ದ ಕಾಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ನಾನು ಬೆಸುಗೆ ಹಾಕಿದ ಟಿಪ್ಪರ್ ಮತ್ತೊಮ್ಮೆ ಅದೇ ಬಿರುಕಿಗೆ ನನ್ನ ಅಂಗಡಿಗೆ ಬಂದದ್ದಿಲ್ಲ. ಆ ದುಡಿಮೆಯಲ್ಲೇ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೆ. ಅಲ್ಲಿ ಅವಳ ಗೆಳತಿಯರೆಲ್ಲ ಗಣಿ ಮಾಲೀಕರ, ಲಾರಿ ಮಾಲೀಕರ ಮಕ್ಕಳು. ಹುಟ್ಟುಹಬ್ಬಕ್ಕೆ ನಮ್ಮ ಮನೆಯಲ್ಲಿ ಪಿಜ್ಜಾ ಎಂದು ಆರು ಜನರಿಗೆ ಹೇಳಿಬಂದಿದ್ದಳು. ವೆಲ್ಡಿಂಗ್‌ನವನ ಮನೆಗೆ ಅವರು ಬರುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಮಗು ಸರಿಯಾಗಿ ನಿದ್ದೆಯನ್ನೂ ಮಾಡುತ್ತಿರಲಿಲ್ಲ.

"ಬೇಕರಿಯಿಂದ ತಂದ್ರಾತು" ಎಂದೆ. ಅಲ್ಲೇ ಕೂತಿದ್ದ ಮಾವನ ಮುಖ ಕಪ್ಪಿಟ್ಟಿತು. "ನಾ ಜೀವಂತ ಇರಾಗ ಈ ಮನಿಗೆ ಹೊರಗಿನ ಅಡಗಿ ಬರತೈತೇನಲೇ?"

ಮರುದಿನವೇ ಹಂಪಿಗೆ ಹೋದ. ಪರದೇಶದವರು ಉಣ್ಣುವ ಹೋಟೆಲೊಂದರ ಅಡುಗೆಮನೆ ಕಿಟಕಿಗೆ ಮುಖವಿಟ್ಟು ಮಧ್ಯಾಹ್ನದವರೆಗೆ ನಿಂತನಂತೆ! ಬಂದು ವರದಿ ಒಪ್ಪಿಸಿದ: "ಏನಿಲ್ಲಪಾ, ರೊಟ್ಟಿ ಮ್ಯಾಲ ಟೊಮೆಟೊ ಗೊಜ್ಜು. ಒಗ್ಗರಣಿ ಹಾಕೋದು ಗೊತ್ತಿಲ್ಲ ಅವ್ರಿಗೆ, ಪಾಪ!"

ಹುಟ್ಟುಹಬ್ಬದ ಬೆಳಿಗ್ಗೆ ಇಪ್ಪತ್ತು ಕಿಲೋ ಟೊಮೆಟೊ ಬಂದಿಳಿಯಿತು. ಬೇಯಿಸಿ, ಸಿಪ್ಪೆ ಸುಲಿದು, ಕಿವುಚಿ, ಬೆಳ್ಳುಳ್ಳಿ ಜಜ್ಜಿ, ಬ್ಯಾಡಗಿ ಮೆಣಸಿನಕಾಯಿ ಅರೆದು, ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ಮದುವೆಯ ಹಂಡೆಯಲ್ಲಿ ಕುದಿಸಿದ. ಎಣ್ಣೆ ಬಿಡುವ ಹೊತ್ತಿಗೆ, ಪಲ್ಯಕ್ಕೆ ಹಾಕಿ ರೂಢಿಯಾದ ಕೈ, ಶೇಂಗಾ ಪುಡಿಯ ಡಬ್ಬಿಗೆ ಹೋಯಿತು. ನನ್ನ ಹೆಂಡತಿ ಕೂಗಿದಳು: "ಮಾವಾರ, ಪಿಜ್ಜಾಕ್ಕ ಶೇಂಗಾ ಹಾಕಂಗಿಲ್ರಿ!"

"ಹಾಕದಿದ್ರ ಸಾಸು ನಿಲ್ಲಂಗಿಲ್ಲವ್ವ, ರೊಟ್ಟಿ ಇಳದು ಬಳ್ಳಾರಿತನಕ ಹರೀತೈತಿ!"

ರೊಟ್ಟಿ ಮೇಲಿನಿಂದಲೂ ಬೇಯಲೆಂದು ನಾನು ಕಾವಲಿಗೆ ತಗಡಿನ ಮುಚ್ಚಳ ಬೆಸೆದುಕೊಟ್ಟೆ. ಅದರ ಮೇಲೆ ಕೆಂಡ. ಘಮಲು ಓಣಿಗೆಲ್ಲ ಹರಡಿತು.

ಗೆಳತಿಯರಿಗೆ ಹೇಳಿದ್ದು ನಾಲ್ಕು ಗಂಟೆಗೆ. ಐದಾಯಿತು. ಹೊಸ ಫ್ರಾಕ್ ಹಾಕಿಕೊಂಡ ಮಗಳು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಅದಿರಿನ ಲಾರಿಗಳು ಹೋಗುತ್ತಿದ್ದವು. ಫ್ರಾಕಿನ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಅವಳು ಒರೆಸಿಕೊಳ್ಳಲೂ ಇಲ್ಲ.

"ಕರದೀರೇನು ಅವ್ರನ್ನ?" ಮಾವ ಕೇಳಿದ.

"ಶಾಲ್ಯಾಗ ಹೇಳ್ಯಾಳಲ್ಲ" ಎಂದೆ.

"ಅದು ಹೇಳಿದ್ದು. ಅಡಗಿ ಆದಮ್ಯಾಲ ಮನಿಗೆ ಹೋಗಿ 'ಊಟಕ್ಕ ಬರ್ರಿ' ಅನ್ಬೇಕು. ಅದು ಕರದಿದ್ದು. ಕರೀದ ಯಾರ್ ಬರ್ತಾರ?"

ನಮ್ಮಲ್ಲಿ ಪದ್ಧತಿ ಹಾಗೆಯೇ, ನಿಜ. ಆದರೆ ಆ ಬಂಗಲೆಗಳ ಗೇಟಿನ ಮುಂದೆ, ಕಾವಲುಗಾರನಿಗೆ ಹೆಸರು ಹೇಳಿ, ನಾನು ನಿಲ್ಲುವುದೇ? "ಯಾರ ಬಾಗಿಲಿಗೂ ಹೋಗಿ ಕೈಕಟ್ಟಿ ನಿಂತವನಲ್ಲ ನಾನು" ಎಂದೆ.

ಮಾವ, "ಕೊತ್ತಂಬರಿ ಸಾಲಂಗಿಲ್ಲ, ತರ್ತೀನಿ" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಬುಟ್ಟಿ ತುಂಬ ಕೊತ್ತಂಬರಿ ಇತ್ತು.

ಒಂದು ತಾಸಾಗಿರಬೇಕು. ಮನೆ ಮುಂದೆ ಮೊದಲು ಒಂದು ಕಾರು ನಿಂತಿತು, ಹಿಂದೆಯೇ ಇನ್ನೊಂದು. ನಾಲ್ಕು ಹುಡುಗಿಯರು ಇಳಿದರು! ಮಗಳು ಕಟ್ಟೆಯಿಂದ ಜಿಗಿದ ರಭಸಕ್ಕೆ ಚಪ್ಪಲಿ ಅಲ್ಲೇ ಉಳಿಯಿತು.

ಅವರೆಲ್ಲ ಕೂತ ಮೇಲೆ ಮಾವ ನಡೆದುಕೊಂಡು ಬಂದ. ಮೊಣಕಾಲಿನವರೆಗೆ ಧೂಳು. ಕೈಯಲ್ಲಿ ಒಂದೆಳೆ ಕೊತ್ತಂಬರಿಯೂ ಇಲ್ಲ.

"ಅಜ್ಜಾ, ನೋಡು, ಬಂದ್ರು! ತಾವಾಗೇ ಬಂದ್ರು!"

"ಬರಲಾರ್ದ ಏನ್ಮಾಡ್ತಾರವ್ವ? ವಾಸನಿ ಅಲ್ಲೀತನಕ ಬಂದಿತ್ತು."

ಅವರಲ್ಲೊಬ್ಬಳು ಮಾವನನ್ನೇ ದಿಟ್ಟಿಸಿ, "ಈ ಅಜ್ಜ ನಮ್ಮ ಗೇಟ್ ಹತ್ರ ನಿಂತು..." ಎಂದು ಬಾಯಿ ತೆರೆದಳು. ಮಾವ ಗಬಕ್ಕನೆ ಒಂದು ಪಿಜ್ಜಾ ತುಂಡನ್ನು ಆ ಬಾಯಿಗೆ ಇಟ್ಟುಬಿಟ್ಟ.

"ಮೊದ್ಲ ತಿನ್ನವ್ವ, ನಮ್ಮವ್ವ. ಬಾಯಾಗ ತುತ್ತಿದ್ದಾಗ ಮಾತಾಡಬಾರ್ದು."