ಮೂವತ್ತನೇ ಕಿಲೋಮೀಟರಿನಲ್ಲಿ ಅತ್ತೆ ಮನೆ

ನನ್ನ ಹೆಸರು ರೇಣುಕಪ್ರಸಾದ್. ಮನೆಯಲ್ಲಿ ಮಾತ್ರ ಅರ್ಧಪ್ರಸಾದ್. ತೊಟ್ಟಿಲು ಕಟ್ಟದೆ, ಸಕ್ಕರೆ ಹಂಚದೆ, ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ಈ ನಾಮಕರಣ ಮಾಡಿದವಳು ನನ್ನ ಧರ್ಮಪತ್ನಿ ಸುಮಿತಾ. ಸುಮ್ಮನೆ ಮಾಡಿದ್ದಲ್ಲ. ಕುಶಾಲನಗರದ ನಮ್ಮ ಮನೆಯ ಹಿತ್ತಲ ಗೋಡೆಗೆ ಅರ್ಧ ಸುಣ್ಣ ಹೊಡೆದು ಬಿಟ್ಟವನು ನಾನು. ಹಾರ್ಮೋನಿಯಂ ಕಲಿಯಲು ಹೋಗಿ ಸರಿಗಮ ಮುಗಿಸಿ, ಪದನಿಸ ಬರುವ ಮುಂಚೆ ಮನೆಗೆ ಬಂದವನು ನಾನು. ಗೃಹಪ್ರವೇಶದ ದಿನ ನಡುಮನೆ ಗೋಡೆಗೆ ಮೊಳೆ ಹೊಡೆಯುತ್ತಿದ್ದಾಗ ಯಾರೋ ಪಾಯಸಕ್ಕೆ ಕರೆದರು, ಸುತ್ತಿಗೆ ಇಟ್ಟು ಎದ್ದೆ. ಹನ್ನೊಂದು ವರ್ಷವಾಯಿತು, ಆ ಮೊಳೆ ಇನ್ನೂ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದೆ.

ಇಂಥ ನನಗೆ ನಲವತ್ತೇಳನೇ ವಯಸ್ಸಿನಲ್ಲಿ ಜ್ಞಾನೋದಯವಾಯಿತು. ನನ್ನ ಪಂಪ್‌ಸೆಟ್ ಅಂಗಡಿಯ ಪಕ್ಕದಲ್ಲಿ ಜಿಮ್ ಇಟ್ಟಿರುವ ಲೋಹಿತ್ ಒಂದು ಕಾಗದ ತೋರಿಸಿದ. ಸೋಮವಾರಪೇಟೆಯಿಂದ ಹೊರಟು, ಬೆಟ್ಟ ಹತ್ತಿ ಇಳಿದು, ಮತ್ತೆ ಸೋಮವಾರಪೇಟೆಗೇ ಬರುವ ಓಟ. ಅರವತ್ತು ಕಿಲೋಮೀಟರು. ಹದಿನಾಲ್ಕು ಗಂಟೆಯೊಳಗೆ ಮುಗಿಸಬೇಕು. ಇದಕ್ಕೆ ಅಲ್ಟ್ರಾ ಅನ್ನುತ್ತಾರಂತೆ. (ಹೊರಟ ಜಾಗಕ್ಕೇ ವಾಪಸು ಬರುವುದಾದರೆ ಹೊರಡುವುದೇಕೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.)

"ಇದನ್ನ ಮುಗಿಸಿ ಬಂದ್ರೆ ಏನ್ಮಾಡ್ತೀಯ?" ಎಂದು ಸುಮಿತಾಳಿಗೆ ಸವಾಲು ಹಾಕಿದೆ.

"ಮುಗಿಸ್ತೀರಾ? ನೀವಾ?" ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಬೆಳಿಗ್ಗೆ ಪೇಪರನ್ನೇ ಪೂರ್ತಿ ಓದಲ್ಲ ನೀವು."

"ಮುಗಿಸಿದ್ರೆ?"

"ಮುಗಿಸಿದ್ರೆ ಇನ್ನು ಜನ್ಮದಲ್ಲಿ ಅರ್ಧಪ್ರಸಾದ್ ಅನ್ನಲ್ಲ. ಬಸವಣ್ಣನ ಆಣೆ."

ಅಷ್ಟು ಸಾಕಿತ್ತು. ಆರು ತಿಂಗಳು ಓಡಿದೆ. ನಾನು ಓಡಿದೆ ಎನ್ನುವುದಕ್ಕಿಂತ ನಾಯಿಗಳು ಓಡಿಸಿದವು ಎನ್ನುವುದು ಸರಿ. ಮಂಡಿಗೆ ಎಣ್ಣೆ, ಸೊಂಟಕ್ಕೆ ಶಾಖ, ಅಂಗಡಿಯಲ್ಲಿ ಕುಳಿತಲ್ಲೇ ನಿದ್ದೆ. ಪಂಪು ಕೆಟ್ಟಿದೆ ಎಂದು ಬಂದ ಗಿರಾಕಿಗಳು ನನ್ನನ್ನು ನೋಡಿ, ಮೊದಲು ಇವರನ್ನು ರಿಪೇರಿ ಮಾಡಿಸಿ ಎಂದು ಹೋಗುತ್ತಿದ್ದರು. ಇಷ್ಟು ಸುಸ್ತು ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಓಟಕ್ಕೆ ಮೂರು ದಿನ ಇರುವಾಗ ದಾರಿಯ ನಕ್ಷೆ ಬಂತು. ಬೆರಳಿಟ್ಟು ನೋಡುತ್ತಾ ಹೋದೆ. ಮೂವತ್ತನೇ ಕಿಲೋಮೀಟರಿಗೆ ಬೆರಳು ನಿಂತಿತು, ಎದೆಯೂ ನಿಂತಿತು. ಕಲ್ಲುಹಳ್ಳಿ. ನನ್ನ ಅತ್ತೆ ಮನೆ! ಓಟಗಾರರ ಲೆಕ್ಕ ಹಿಡಿಯುವ ಚೆಕ್‌ಪೋಸ್ಟು ಇರುವುದು ಹಾಲಿನ ಡೈರಿ ಮುಂದೆ. ಡೈರಿ ಎದುರಿಗೇ ಅತ್ತೆಯವರ ಜಗಲಿ.

ನಮ್ಮ ಕಡೆ ಅಳಿಯನಾದವನು ಅತ್ತೆ ಮನೆ ಮುಂದೆ ಹಾದು ಒಳಗೆ ಹೋಗದಿದ್ದರೆ ಅದು ಸಣ್ಣ ಅಪರಾಧವಲ್ಲ. ಆರು ವರ್ಷದ ಕೆಳಗೆ ಶನಿವಾರಸಂತೆಗೆ ಪಂಪು ಕೂರಿಸಲು ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಲ್ಲಿ ಅತ್ತೆ ವಿಮಲಮ್ಮನವರ ಕಣ್ಣಿಗೆ ಬಿದ್ದೆ. ಬಸ್ಸು ನಿಲ್ಲಿಸಲಿಲ್ಲ ಎಂಬುದು ಡ್ರೈವರನ ತಪ್ಪು. ಯುಗಾದಿಯವರೆಗೂ ಅತ್ತೆ ಮಾತು ಬಿಟ್ಟಿದ್ದು ಮಾತ್ರ ನನ್ನ ಜೊತೆ. ಈಗಲಾದರೆ ಬಸ್ಸೂ ಇಲ್ಲ, ಕಿಟಕಿಯೂ ಇಲ್ಲ. ಸಾಲದ್ದಕ್ಕೆ ಚಡ್ಡಿ! ಹತ್ತೊಂಬತ್ತು ವರ್ಷದಲ್ಲಿ ಮಾವ ಮಹದೇವಪ್ಪನವರು ನನ್ನ ಮಂಡಿ ನೋಡಿದವರಲ್ಲ.

"ಟೋಪಿ ಹಾಕಿ, ಕಪ್ಪು ಕನ್ನಡಕ ಹಾಕಿ, ತಲೆ ತಗ್ಗಿಸಿ ಓಡಿಬಿಡ್ತೀನಿ. ನಿಮ್ಮಮ್ಮನಿಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ?" ಎಂದಳು ಸುಮಿತಾ. ಓಟದ ಹಿಂದಿನ ದಿನ ತವರಿಗೆ ಹೋದಳು, ಗುಟ್ಟು ಕಾಯುವುದಕ್ಕೆ.

ಬೆಳಿಗ್ಗೆ ಐದಕ್ಕೆ ನಮ್ಮನ್ನು ಬಿಟ್ಟರು. ಐವತ್ತಾರು ಜನ. ಅಂಗಿಯ ಎದೆಗೆ ನಾಲ್ಕು ಪಿನ್ನು ಹಾಕಿ ಸಿಕ್ಕಿಸಿದ ನಂಬರು, ನನ್ನದು ಮೂವತ್ತೇಳು. ಆ ನಂಬರಿನ ಬೆನ್ನಿಗೆ ಒಂದು ಚಿಪ್ ಅಂಟಿಸಿರುತ್ತಾರೆ. ಹತ್ತು ಕಿಲೋಮೀಟರಿಗೊಂದು ಚಾಪೆ ಹಾಸಿರುತ್ತಾರೆ, ದಾಟಿದರೆ ಕುಂಯ್ ಅನ್ನುತ್ತದೆ, ನೀವು ಬಂದದ್ದು ಯಂತ್ರಕ್ಕೆ ತಿಳಿಯುತ್ತದೆ. (ಯಂತ್ರಕ್ಕೆ ತಿಳಿಯುವುದು ನಂಬರು ಬಂದದ್ದು, ಮನುಷ್ಯ ಬಂದದ್ದಲ್ಲ. ಇದು ನನಗೆ ಹೊತ್ತು ಮೀರಿ ಅರ್ಥವಾಯಿತು.)

ಮೊದಲ ಬೆಟ್ಟದಲ್ಲಿ ಉತ್ಸಾಹ ಹೋಯಿತು, ಎರಡನೆಯದರಲ್ಲಿ ಉಗುರು ಹೋಯಿತು. ಹನ್ನೊಂದು ಗಂಟೆಗೆ ಕಲ್ಲುಹಳ್ಳಿ ತಲುಪಿದೆ. ಟೋಪಿ ಎಳೆದುಕೊಂಡೆ. ಡೈರಿ ಮುಂದಿನ ಚಾಪೆ ಕುಂಯ್ ಎಂದಿತು. ತಲೆ ಎತ್ತಿದರೆ ರಸ್ತೆಯ ನಟ್ಟನಡುವೆ ಗರಿಗರಿ ಪಂಚೆಯುಟ್ಟು ಮಾವ ನಿಂತಿದ್ದಾರೆ. ಹಿಂದೆ ಆರತಿ ತಟ್ಟೆ ಹಿಡಿದ ಅತ್ತೆ, ಅವರ ಹಿಂದೆ ಅರ್ಧ ಊರು. ಸುಮಿತಾ ಆಕಾಶ ನೋಡುತ್ತಿದ್ದಳು.

"ಮಾವ, ಓಟ ನಡೀತಾ ಇದೆ..."

"ಓಟ ಎಲ್ಲಿಗೆ ಹೋಗ್ತದೆ? ಎರಡು ನಿಮಿಷ. ಕಾಲು ತೊಳ್ಕಳಿ."

ಕಾಲಿಗೆ ಎಂದು ಕೊಟ್ಟದ್ದು ಹಂಡೆ ತುಂಬ ಬಿಸಿನೀರು. ಆ ಹಬೆ ಕಂಡದ್ದೇ ನನ್ನ ಕಾಲುಗಳು ನನ್ನ ಪಕ್ಷ ಬಿಟ್ಟು ಅತ್ತೆಯ ಪಕ್ಷ ಸೇರಿದವು. ಬಚ್ಚಲಿಂದ ಈಚೆ ಬಂದರೆ ಗಳದ ಮೇಲೆ ಇಟ್ಟಿದ್ದ ನನ್ನ ಬಟ್ಟೆ ಇಲ್ಲ. ಮಾವನ ಪಂಚೆ, ಮಾವನ ಜುಬ್ಬ.

"ನನ್ನ ಅಂಗಿ?"

"ಬೆವರು ನಾರ್ತಿತ್ತು. ಸೋಪಿನ ಪುಡೀಲಿ ನೆನೆಹಾಕಿದೀನಿ. ಅಳಿಯಂದಿರು ಅಂಥ ಬಟ್ಟೆ ಹಾಕ್ಕಂಡು ಎಲೆ ಮುಂದೆ ಕೂತ್ಕಬಾರ್ದು," ಎಂದರು ಅತ್ತೆ ಬಾಗಿಲ ಮರೆಯಿಂದ.

ಕಡುಬು, ಅವರೆಕಾಳು ಸಾರು, ಮೇಲೆ ತುಪ್ಪ. ಗಡಿಯಾರ ನೋಡುತ್ತಾ ನಾಲ್ಕನೇ ಕಡುಬಿಗೆ ಏಳಲು ಹೋದೆ.

"ಊಟ ಅರ್ಧಕ್ಕೆ ಬಿಟ್ಟು ಏಳ್ತಾರಾ?" ಅತ್ತೆ ಗಾಬರಿಯಾದರು.

"ಏಳ್ತಾರೆ ಬಿಡಮ್ಮ," ಎಂದಳು ಸುಮಿತಾ. "ಅವರಿಗೆ ಅಭ್ಯಾಸ."

ಕುಳಿತೆ. ಪಾಯಸದವರೆಗೂ ಕುಳಿತೆ. ಹೊರಟಾಗ ಹನ್ನೆರಡೂ ಇಪ್ಪತ್ತು. ಪಂಚೆ ಎತ್ತಿ ಕಟ್ಟಿ, ಬೂಟು ಹಾಕಿ, ಹೊಟ್ಟೆ ಹೊತ್ತು ಬೆಟ್ಟದ ಕಡೆ ಓಡಿದೆ. ನಂಬರು ಎಂಬುದೊಂದು ಇತ್ತು ಎಂಬುದೇ ಮರೆತುಹೋಗಿತ್ತು.

ನಲವತ್ತನೇ ಕಿಲೋಮೀಟರಿನ ಚಾಪೆ ತುಳಿದೆ. ಕುಂಯ್ ಅನ್ನಲಿಲ್ಲ. ಇನ್ನೊಮ್ಮೆ ತುಳಿದೆ, ಹಾರಿ ತುಳಿದೆ. ಚೆಕ್‌ಪೋಸ್ಟಿನಲ್ಲಿ ಕುಳಿತಿದ್ದ ಹುಡುಗಿ ನನ್ನ ಪಂಚೆ, ಜುಬ್ಬ, ಹಣೆಗೆ ಮಾವ ಹಚ್ಚಿದ್ದ ವಿಭೂತಿ ಎಲ್ಲ ನೋಡಿದಳು.

"ಪೂಜೆಗೆ ಹೋಗ್ತಿದೀರಾ ಅಂಕಲ್? ದೇವಸ್ಥಾನ ಆ ಕಡೆ."

"ಓಟಗಾರನಮ್ಮ ನಾನು! ಮೂವತ್ತೇಳು, ರೇಣುಕಪ್ರಸಾದ್."

ಅವಳು ಮೊಬೈಲ್ ನೋಡಿದಳು. ನನ್ನನ್ನು ನೋಡಿದಳು. "ಅಂಕಲ್, ನೀವು ಮುಗಿಸಿಯಾಯ್ತಲ್ಲ. ಒಂದೂ ಐದಕ್ಕೇ ಸೋಮವಾರಪೇಟೇಲಿ ಇದ್ರಿ. ಮೂರನೇ ಸ್ಥಾನ."

ಅಷ್ಟರಲ್ಲಿ ನನ್ನ ಮೊಬೈಲಿಗೂ ಸಿಗ್ನಲ್ ಬಂತು. ಹದಿನೇಳು ಅಭಿನಂದನೆ. ಲೋಹಿತ್‌ನಿಂದ ಒಂದು ಹುಲಿಯ ಚಿತ್ರ. ಮಾವ ಲಾಡು ಹಂಚುತ್ತಿದ್ದರಂತೆ. ಕೊನೆಗೆ ಸುಮಿತಾಳ ಮೆಸೇಜು: ‘ನಂಬರು ಬಕೆಟ್‌ನಲ್ಲಿತ್ತು ಕಣ್ರೀ. ನಿಮಗೆ ಫೋನ್ ಸಿಗ್ಲಿಲ್ಲ. ಅಪ್ಪನ ಜೀಪಲ್ಲಿ ತಂದು ಇಲ್ಲಿ ಸೋಮವಾರಪೇಟೇಲಿ ಕೊಡೋಣ ಅಂತ ಬಂದೆ, ಚಾಪೆ ತುಳಿದುಬಿಟ್ಟೆ. ಹಾರ ಹಾಕಿದ್ರು. ಏನ್ಮಾಡ್ಲಿ?’

ಚೆಕ್‌ಪೋಸ್ಟಿನ ಪಕ್ಕ ಸೋಮವಾರಪೇಟೆಗೆ ಹೊರಡಲಿದ್ದ ಜೀಪು ನಿಂತಿತ್ತು. ಮುಂದಿನ ಸೀಟು ಖಾಲಿ. ನನ್ನ ಮಂಡಿ, ಸೊಂಟ, ಒಳಗಿದ್ದ ಏಳು ಕಡುಬು ಎಲ್ಲವೂ ಒಕ್ಕೊರಲಿನಿಂದ ಹತ್ತು ಎಂದವು. ಯಂತ್ರವೇ ಮುಗಿಸಿದ್ದಾನೆ ಅಂದ ಮೇಲೆ ನನ್ನದೇನು? ಬಾಗಿಲಿಗೆ ಕೈ ಇಟ್ಟೆ. ಆಗ ನಿಜವಾಗಿ ನಾಚಿಕೆಯಾಯಿತು. ಇಲ್ಲೂ ಅರ್ಧಕ್ಕೆ ಬಿಟ್ಟು, ಅವಳು ತುಳಿದ ಚಾಪೆಯ ಮೇಲೆ ಹೋಗಿ ನಿಲ್ಲುವುದೇ? ಸುಮಿತಾಳಿಗೆ ‘ಯಾರಿಗೂ ಏನೂ ಹೇಳಬೇಡ, ಅಲ್ಲೇ ಇರು’ ಎಂದು ಬರೆದು ಬೆಟ್ಟ ಹತ್ತಿದೆ.

ಕೊನೆಯ ಇಪ್ಪತ್ತು ಕಿಲೋಮೀಟರಿನ ಬಗ್ಗೆ ಹೇಳಲು ಏನೂ ಇಲ್ಲ. ನಡೆದೆ, ಕುಂಟಿದೆ, ಒಂದು ಕಾಫಿ ಗಿಡದ ಹತ್ತಿರ ಕ್ಷಮೆ ಕೇಳಿದೆ (ಯಾಕೆಂದು ನೆನಪಿಲ್ಲ). ಸಂಜೆ ಆರೂ ಐವತ್ತೊಂದಕ್ಕೆ, ಇನ್ನು ಒಂಬತ್ತು ನಿಮಿಷ ಉಳಿದಿರುವಾಗ, ಮಾವನ ಪಂಚೆಯಲ್ಲಿ ಆ ಗೆರೆ ದಾಟಿದೆ. ಬದುಕಿನಲ್ಲಿ ಮೊದಲ ಸಲ ಒಂದು ಕೆಲಸ ಪೂರ್ತಿ ಮಾಡಿದ್ದೆ. ಮೈದಾನದಲ್ಲಿ ಚಪ್ಪಾಳೆ ತಟ್ಟಿದ್ದು ಸುಮಿತಾ ಒಬ್ಬಳೇ. ಒದ್ದೆ ನಂಬರು ಕಂಕುಳಲ್ಲಿ ಇರುಕಿಕೊಂಡು, ಅಳುತ್ತಾ ತಟ್ಟುತ್ತಿದ್ದಳು. ನನಗೂ ಅಳು ಬಂತು, ಅಳುವುದಕ್ಕೆ ತ್ರಾಣ ಇರಲಿಲ್ಲ.

ಓಟ ನಡೆಸುತ್ತಿದ್ದ ರಶ್ಮಿತಾ ಎಂಬ ಹೆಣ್ಣುಮಗಳಿಗೆ ಇದ್ದದ್ದು ಇದ್ದಂತೆ ಹೇಳಿದೆವು. ಅವಳು ಬಹಳ ಹೊತ್ತು ಲ್ಯಾಪ್‌ಟಾಪ್ ನೋಡಿದಳು.

"ಮೂರನೇ ಸ್ಥಾನ ತೆಗೀಲೇಬೇಕು ಸಾರ್. ನಲವತ್ತು, ಐವತ್ತರ ಚಾಪೇಲಿ ನೀವಿಲ್ಲ. ಈಗ ಬಂದಿದ್ದನ್ನ ಲೆಕ್ಕಕ್ಕೆ ಹಿಡಿಯೋಣ ಅಂದ್ರೆ ನಂಬರು ಮೈಮೇಲಿಲ್ಲ."

"ನಾನು ಕಣ್ಣಾರೆ ನೋಡಿದೀನಲ್ಲಮ್ಮ!" ಸುಮಿತಾ ಸಿಡಿದಳು. "ಪೂರ್ತಿ ಓಡಿದಾರೆ ನನ್ನ ಗಂಡ!"

ಹತ್ತೊಂಬತ್ತು ವರ್ಷದಲ್ಲಿ ನನ್ನ ಹೆಸರಿನ ಜೊತೆ ಅವಳು ‘ಪೂರ್ತಿ’ ಸೇರಿಸಿದ್ದು ಅದೇ ಮೊದಲು. ರಶ್ಮಿತಾಳಿಗೂ ಮರುಕವಾಯಿತು. "ಬೇಜಾರು ಮಾಡ್ಕೋಬೇಡಿ ಸಾರ್. ಕಲ್ಲುಹಳ್ಳಿವರೆಗೂ ನಿಮ್ಮ ಲೆಕ್ಕ ಸರಿಯಾಗಿದೆ. ಅಲ್ಲಿವರೆಗಿನ ಸರ್ಟಿಫಿಕೇಟ್ ಕೊಡ್ತೀನಿ," ಎಂದು ಅಲ್ಲೇ ಪ್ರಿಂಟ್ ಹಾಕಿ ಸಹಿ ಮಾಡಿಕೊಟ್ಟಳು. ದಪ್ಪ ಕಾಗದ, ಚಿನ್ನದ ಅಂಚು, ದೊಡ್ಡ ಅಕ್ಷರ: ರೇಣುಕಪ್ರಸಾದ್, ಅರವತ್ತರಲ್ಲಿ ಮೂವತ್ತು ಕಿಲೋಮೀಟರು.

ಸುಮಿತಾ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅಂದಿನಿಂದ ಒಮ್ಮೆಯೂ ನನ್ನನ್ನು ಅರ್ಧಪ್ರಸಾದ್ ಎಂದಿಲ್ಲ. ಸರ್ಟಿಫಿಕೇಟಿಗೆ ಮಾತ್ರ ಕಟ್ಟು ಹಾಕಿಸಿ ತಂದಿದ್ದಾಳೆ. ಮನೆಗೆ ಬಂದವರು ಕಾಫಿ ಕುಡಿಯುತ್ತಾ ಅದನ್ನು ಓದುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ.

ಅದನ್ನು ನೇತುಹಾಕುವ ದಿನ ನಾನು ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಸುಮಿತಾ ಸ್ಟೂಲು ಹತ್ತಿ, ಗೃಹಪ್ರವೇಶದ ಆ ಮೊಳೆಗೆ ಕಟ್ಟನ್ನು ಸಿಕ್ಕಿಸಿ, ಇಳಿದು ದೂರ ನಿಂತು ನೋಡಿದಳು.

"ಸದ್ಯ ಕಣ್ರೀ," ಎಂದಳು, ಮನಸಾರೆ. "ಅವತ್ತು ಪೂರ್ತಿ ಹೊಡೆದುಬಿಟ್ಟಿದ್ರೆ ಇದನ್ನ ಎಲ್ಲಿ ನೇತುಹಾಕ್ತಿದ್ದೆ?"